ಗೋಡೆಗೇರಿದ ಎಲೆಗಳು ಕೈಗಿಳಿಯಬೇಕು

2025ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಭಾರತದ ಸಂಸತ್ತು ಆನ್‌ಲೈನ್ ಆಟಗಳನ್ನು ಕುರಿತ ಒಂದು ಮಸೂದೆಯನ್ನು ಎರಡೇ ದಿನಗಳಲ್ಲಿ ಎರಡೂ ಸದನಗಳಲ್ಲಿ ಅಂಗೀಕರಿಸಿತು. ಅದೇ ತಿಂಗಳ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತು. ಹಣವನ್ನು ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳು, ಅವು ಜಾಣ್ಮೆಯವೇ ಆಗಿರಲಿ, ದೈವಾಧೀನವಾದವೇ ಆಗಿರಲಿ, ನಿಷಿದ್ಧವೆಂಬುದು ಆ ಕಾಯ್ದೆಯ ಸಾರ. ಸುಮಾರು 45 ಕೋಟಿ ಜನರು ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿಗಳನ್ನು ಇಂಥ ಆಟಗಳಲ್ಲಿ ಕಳೆದುಕೊಳ್ಳುತ್ತಿರುವರೆಂಬುದು ಆಗ ಸರಕಾರವು ಮುಂದಿಟ್ಟ ಅಂದಾಜು. ಕಾಯ್ದೆಯ ಸಿಂಧುತ್ವವನ್ನು ಕೆಲವರು ನ್ಯಾಯಾಲಯಗಳಲ್ಲಿ ಪ್ರಶ್ನಿಸಿದರು. ಅದರ ನ್ಯಾಯಾನ್ಯಾಯಗಳನ್ನು ನಿರ್ಣಯಿಸುವ ಕೆಲಸ ನ್ಯಾಯಮೂರ್ತಿಗಳದು. ನನ್ನ ಮನಸ್ಸನ್ನು ಕಾಡುತ್ತಿರುವ ಪ್ರಶ್ನೆ ಬೇರೆ. ಒಂದು ಆಟವನ್ನು ಕೈಯಿಂದ ಕಿತ್ತುಕೊಂಡ ಮೇಲೆ ಆ ಕೈಗೆ ಏನನ್ನು ಕೊಡುವೆವು?

ಈ ಪ್ರಶ್ನೆ ರಾಜಧಾನಿಯಲ್ಲಿ ಕುಳಿತವರಿಗಿಂತ ನಮ್ಮ ಬೇವೂರಿನಂಥ ಊರುಗಳಲ್ಲಿ ಇರುವವರಿಗೆ ಹೆಚ್ಚು ಹತ್ತಿರದ್ದು. ಒಂದೆಡೆ ಬಾಗಲಕೋಟೆ, ಇನ್ನೊಂದೆಡೆ ಹುನಗುಂದ-ಇಲಕಲ್ಲು; ನಡುವೆ ಒಣಬೇಸಾಯದ ಎರೆಯ ನೆಲ. ಬಿತ್ತಿಗೆಗೂ ಸುಗ್ಗಿಗೂ ನಡುವೆ ಬಿಡುವು ಬಹಳ. ಓದು ಮುಗಿಸಿ ಕೆಲಸಕ್ಕಾಗಿ ಕಾಯುತ್ತಿರುವ ಹುಡುಗರ ಬಿಡುವಂತೂ ಇನ್ನೂ ದೊಡ್ಡದು. ಸಂಜೆಯ ಹೊತ್ತು ಕಟ್ಟೆಯ ಮೇಲೆ ಹತ್ತು ಜನ ಕುಳಿತಿದ್ದರೂ ಹತ್ತು ಮೊಬೈಲುಗಳ ಬೆಳಕಿನಲ್ಲಿ ಹತ್ತು ಮುಖಗಳು ಬೇರೆ ಬೇರೆಯಾಗಿರುವ ನೋಟ ಈಗ ಯಾರಿಗೂ ಹೊಸದಲ್ಲ. ಮೊಬೈಲು ಬರುವುದಕ್ಕೆ ಮುಂಚೆ ಎಲ್ಲವೂ ಚೆನ್ನಾಗಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ಊರ ಹೊರಗಿನ ಗಿಡದ ನೆರಳಿನಲ್ಲಿ ಅಂದರ್-ಬಾಹರ್ ಆಟವು ನಡೆಯುವುದು, ಪೊಲೀಸರು ಬರುವುದು, ಇಂತಿಷ್ಟು ಜನ ಸಿಕ್ಕಿಬಿದ್ದರು, ಇಂತಿಷ್ಟು ರೂಪಾಯಿ ವಶವಾಯಿತೆಂದು ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬರುವುದು, ಇವೆಲ್ಲ ನಮ್ಮ ಕಡೆಗೆ ಋತುಮಾನಗಳಷ್ಟೇ ಪರಿಚಿತವಾದ ಸಂಗತಿಗಳು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. 52 ಎಲೆಗಳ ಇಸ್ಪೀಟಿನ ಕಟ್ಟು ಸ್ವತಃ ಕೆಟ್ಟದ್ದಲ್ಲ. ಅದರಲ್ಲಿ ಬುದ್ಧಿಗೆ ಕಸರತ್ತು ಕೊಡುವ ಆಟಗಳು ಎಷ್ಟೋ ಇವೆ. ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವೇ 1967ರಲ್ಲಿ, ಆಂಧ್ರಪ್ರದೇಶದ ಒಂದು ಮೊಕದ್ದಮೆಯಲ್ಲಿ, ಹೇಳಿತು. ಆದರೆ ಅಂದರ್-ಬಾಹರಿನಲ್ಲಿ ಆಡುವವನು ಮಾಡಬೇಕಾದದ್ದು ಏನೂ ಇಲ್ಲ. ಒಳಗೋ ಹೊರಗೋ ಎಂದು ಹಣವನ್ನಿಟ್ಟು ಎಲೆ ಬೀಳುವುದನ್ನು ಕಾಯುವುದಷ್ಟೇ. ಬುದ್ಧಿಯು ಹಿಂದೆ ಸರಿದಷ್ಟೂ ಹಣವು ಮುಂದೆ ಬರುತ್ತದೆ. ನಮ್ಮ ರಾಜ್ಯವು 2021ರಲ್ಲಿ ಪೊಲೀಸು ಕಾಯ್ದೆಗೆ ತಿದ್ದುಪಡಿ ತಂದು ಪಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದುಂಟು. 2022ರ ಫೆಬ್ರವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ತಳ್ಳಿಹಾಕಿದ್ದೂ ಉಂಟು. ಈ ಎಲ್ಲ ವಾದವಿವಾದಗಳಲ್ಲಿ ಯಾವುದು ಜೂಜು, ಯಾವುದು ಜೂಜಲ್ಲ ಎಂಬ ಚರ್ಚೆ ವಿಪುಲವಾಗಿ ನಡೆಯಿತು. ಯಾವುದು ಒಳ್ಳೆಯ ಆಟ, ಅದು ನಮ್ಮಲ್ಲಿ ಇದೆಯೆ, ಇದ್ದದ್ದು ಏಕೆ ಹೋಯಿತು ಎಂಬ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಆ ಮಾತನ್ನು ಎತ್ತಬೇಕೆಂಬುದೇ ಈ ಲೇಖನದ ಉದ್ದೇಶ. ನಾನು ಹೇಳಹೊರಟದ್ದು ಗಂಜೀಫಾ ಎಂಬ ಎಲೆಯಾಟವನ್ನು ಕುರಿತು.

ಗಂಜೀಫಾ ಎಂದೊಡನೆ ಓದುಗರಲ್ಲಿ ಹಲವರ ಕಣ್ಣಿಗೆ ಒಂದು ಚಿತ್ರ ಬರಬಹುದು: ಅಂಗೈಯಗಲದ ದುಂಡು ಬಿಲ್ಲೆಗಳು, ಅವುಗಳ ಮೇಲೆ ಮೈಸೂರು ಶೈಲಿಯ ನವಿರಾದ ದೇವತಾ ಚಿತ್ರಗಳು, ಗಾಜಿನ ಚೌಕಟ್ಟು. ಆದರೆ ಅದು ಮೂಲತಃ ನೋಡುವ ವಸ್ತುವಲ್ಲ, ಆಡುವ ವಸ್ತು. ಪರ್ಷಿಯಾದ ಕಡೆಯಿಂದ ಬಂದ ಈ ಆಟದ ಮಾತು ಬಾಬರನ ಆತ್ಮಕಥೆಯಲ್ಲಿಯೇ ಬರುತ್ತದೆ. 1527ರಲ್ಲಿ ಆತನು ಸಿಂಧಿನ ಶಾಹ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿಕೊಟ್ಟನಂತೆ. ಮುಂದೆ ಅಬುಲ್ ಫಜಲನು ತನ್ನ ‘ಐನ್-ಇ-ಅಕ್ಬರಿ’ಯಲ್ಲಿ ಇದನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಹಿಂದಿನವರು ಆಡುತ್ತಿದ್ದ ಕಟ್ಟಿನಲ್ಲಿ ಹನ್ನೆರಡು ರಂಗುಗಳೆಂದೂ, ಒಂದೊಂದು ರಂಗಿಗೆ ಒಬ್ಬೊಬ್ಬ ಅರಸನೆಂದೂ ಹೇಳಿ ಅವರನ್ನು ಸಾಲಾಗಿ ಹೆಸರಿಸುತ್ತಾನೆ: ಅಶ್ವಪತಿ, ಗಜಪತಿ, ನರಪತಿ, ಗಢಪತಿ, ಧನಪತಿ, ದಳಪತಿ, ನಾವಪತಿ ಮುಂತಾಗಿ. ಕುದುರೆಯ ಬಲದ ಅಶ್ವಪತಿಯು ದಿಲ್ಲಿಯ ಅರಸನಂತೆ. ಆನೆಯ ಬಲದ ಗಜಪತಿಯು ಒರಿಸ್ಸಾದ ದೊರೆಯಂತೆ. ಕಾಲಾಳಿನ ಬಲದ ನರಪತಿಯು ವಿಜಾಪುರದ ಅರಸರಂತೆ ಎಂಬುದು ಅವನ ವಿವರಣೆ.

ವಿಜಾಪುರದ ಹೆಸರನ್ನು ಅಲ್ಲಿ ಕಂಡಾಗ ನಮ್ಮ ಸೀಮೆಯವರಿಗೆ ಸಹಜವಾಗಿಯೇ ಕುತೂಹಲ ಹುಟ್ಟಬೇಕು. 1997ರಲ್ಲಿ ಬಾಗಲಕೋಟೆಯು ಪ್ರತ್ಯೇಕ ಜಿಲ್ಲೆಯಾಗುವವರೆಗೆ ನಾವೆಲ್ಲ ವಿಜಾಪುರ ಜಿಲ್ಲೆಯವರೇ. ಅಬುಲ್ ಫಜಲನ ಕಾಲಕ್ಕೆ ಈ ನೆಲ ಆದಿಲಶಾಹಿಯದೇ. ಅಂದರೆ ನಾಲ್ಕುನೂರು ವರ್ಷಗಳ ಹಿಂದೆ ಆಗ್ರಾದಲ್ಲಿ ಎಲೆಯಾಡುವವರ ಮಾತಿನಲ್ಲಿ ನಮ್ಮ ಸೀಮೆಯ ಅರಸನೂ ಒಂದು ರಂಗಿನ ದೊರೆಗೆ ಉಪಮಾನವಾಗಿದ್ದನು. ಭರತಖಂಡದ ರಾಜಕೀಯವನ್ನೆಲ್ಲ ಒಂದು ಕಟ್ಟಿನೊಳಗೆ ಅಡಕಿ, ಮೂವರು ಹಾಸಿಗೆಯ ಮೇಲೆ ಕುಳಿತು ಅದನ್ನು ಸೋತು ಗೆಲ್ಲುವ ವಿನೋದ ಅದು.

ಕಾಲಕ್ರಮದಲ್ಲಿ ಈ ಕಟ್ಟು ಎರಡು ರೂಪಗಳಲ್ಲಿ ಹೆಚ್ಚು ಪ್ರಚಾರಕ್ಕೆ ಬಂದಿತು. ಮೊಗಲ ಗಂಜೀಫಾದಲ್ಲಿ ಎಂಟು ರಂಗುಗಳು, 96 ಎಲೆಗಳು. ಕಿರೀಟ, ಬೆಳ್ಳಿಯ ನಾಣ್ಯ, ಖಡ್ಗ, ಗುಲಾಮ, ವೀಣೆಯಂಥ ವಾದ್ಯ, ಚಿನ್ನದ ನಾಣ್ಯ, ಸನದು, ಸರಕು ಇವು ಆ ಎಂಟು. ಒಂದು ದೊಡ್ಡ ಅರಮನೆಯ ಖಜಾನೆ, ಆಯುಧಶಾಲೆ, ದಫ್ತರ, ಉಗ್ರಾಣಗಳೆಲ್ಲ ಅವುಗಳಲ್ಲಿ ಕಾಣುತ್ತವೆ. ಹಿಂದೂ ಸಮಾಜದಲ್ಲಿ ಹಬ್ಬಿದ ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳೇ ಹತ್ತು ರಂಗುಗಳು, ಎಲೆಗಳು 120. ಎರಡರಲ್ಲಿಯೂ ರಂಗೊಂದಕ್ಕೆ ಹನ್ನೆರಡು ಎಲೆ: ರಾಜ, ಮಂತ್ರಿ, ಮತ್ತು ಒಂದರಿಂದ ಹತ್ತರವರೆಗಿನ ಅಂಕಿಯ ಎಲೆಗಳು. ರಾಣಿಯೆಂಬವಳು ಇದರಲ್ಲಿ ಇಲ್ಲ. ಮೀನಿನ ಗುರುತು ಇದ್ದರೆ ಮತ್ಸ್ಯಾವತಾರದ ಎಲೆ, ಕೊಡಲಿ ಇದ್ದರೆ ಪರಶುರಾಮನದು. ಎಷ್ಟು ಗುರುತುಗಳೋ ಅಷ್ಟು ಅಂಕಿ. ಓದು ಬಾರದವರೂ ಆಡಬಹುದಾದ ಏರ್ಪಾಡು ಇದು.

ಆಟದ ಕ್ರಮವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಏಕೆಂದರೆ ಅದರ ಹಿರಿಮೆಯೆಲ್ಲ ಅಲ್ಲಿಯೇ ಇದೆ. ಸಾಮಾನ್ಯವಾಗಿ ಮೂವರು ಆಡುತ್ತಾರೆ. ಪ್ರತಿಯೊಬ್ಬನೂ ತನಗೆ ತಾನೇ, ಜೊತೆಗಾರನಿಲ್ಲ. ದಶಾವತಾರದ ಕಟ್ಟಾದರೆ ಒಬ್ಬೊಬ್ಬನ ಕೈಗೆ ನಲವತ್ತು ಎಲೆ ಬರುತ್ತವೆ. ಮೊಗಲ ಕಟ್ಟಾದರೆ ಮೂವತ್ತೆರಡು. ಹಗಲಿನಲ್ಲಿ ಆಡುವಾಗ ರಾಮನ ರಾಜನನ್ನು ಹಿಡಿದವನು ಆಟವನ್ನು ತೊಡಗಬೇಕು. ರಾತ್ರಿಯಾದರೆ ಕೃಷ್ಣನ ರಾಜನನ್ನು ಹಿಡಿದವನು. ಒಬ್ಬನು ಒಂದು ಎಲೆಯನ್ನು ಹಾಕಿದರೆ ಉಳಿದ ಇಬ್ಬರೂ ಒಂದೊಂದು ಹಾಕುತ್ತಾರೆ. ಮೇಲಿನದು ಮೂರನ್ನೂ ಗೆಲ್ಲುತ್ತದೆ. ಒಂದು ರಂಗು ಮತ್ತೊಂದನ್ನು ಕಡಿಯುವ ಪದ್ಧತಿ ಇಲ್ಲ. ಮೇಲಾಗಿ ಅರ್ಧ ರಂಗುಗಳಲ್ಲಿ ರಾಜ-ಮಂತ್ರಿಗಳ ತರುವಾಯ ಹತ್ತು ದೊಡ್ಡದು, ಒಂದು ಚಿಕ್ಕದು. ಇನ್ನರ್ಧ ರಂಗುಗಳಲ್ಲಿ ಒಂದೇ ದೊಡ್ಡದು, ಹತ್ತು ಎಲ್ಲಕ್ಕೂ ಚಿಕ್ಕದು.

ಒಂದು ರಂಗಿನಲ್ಲಿ ರಾಜನು ಹೊರಬಿದ್ದನೆನ್ನಿ. ಆಗ ಮಂತ್ರಿಯೇ ಆ ರಂಗಿನ ಅಧಿಪತಿ. ಮಂತ್ರಿಯೂ ಹೋದರೆ ಅವನ ಕೆಳಗಿನದು. ಹೀಗೆ ಒಂದೊಂದು ರಂಗಿನಲ್ಲಿ ಈ ಗಳಿಗೆಗೆ ಉಳಿದಿರುವವುಗಳಲ್ಲಿ ಅತ್ಯಂತ ಹಿರಿಯ ಎಲೆ ಯಾವುದೋ ಅದಕ್ಕೇ ‘ಹುಕುಂ’ ಎಂದು ಹೆಸರು. ಕೈಯಲ್ಲಿರುವ ಒಂದು ಬಡ ಆರಂಕಿಯು ಈಗ ಹುಕುಂ ಆಗಿದೆಯೋ ಇಲ್ಲವೋ ಎಂಬುದನ್ನು ತಿಳಿಯಬೇಕಾದರೆ ಇದುವರೆಗೆ ಬಿದ್ದ ಎಲೆಗಳೆಲ್ಲ ನೆನಪಿನಲ್ಲಿರಬೇಕು. ಹತ್ತು ರಂಗು, ಎರಡು ವಿಧದ ಏರಿಳಿತ, ನೂರಿಪ್ಪತ್ತು ಎಲೆ! ಮೊದಲ ಹಂಚಿಕೆಯಲ್ಲಿ ಅದೃಷ್ಟದ ಪಾಲು ಇರುವುದು ನಿಜ. ಆದರೆ ಆಟ ಮುಂದುವರಿದಂತೆ ಗೆಲ್ಲಿಸುವುದು ನೆನಪೇ. ಅಂದರ್-ಬಾಹರು ಒಂದು ತುದಿಯಾದರೆ ಗಂಜೀಫಾ ಇನ್ನೊಂದು ತುದಿ.

ಇಂಥ ಆಟ ಏಕೆ ಮರೆಯಾಯಿತು? ಬ್ರಿಟಿಷರು ಬಂದರು, ನಮ್ಮದೆಲ್ಲ ನಾಶವಾಯಿತು ಎಂಬ ಒಂದೇ ಉತ್ತರದಿಂದ ಸಮಾಧಾನಪಡುವುದು ಸುಲಭ. ಆದರೆ ಯಾವ ಸರಕಾರವೂ ಗಂಜೀಫಾವನ್ನು ನಿಷೇಧಿಸಲಿಲ್ಲ. ಅದನ್ನು ಸೋಲಿಸಿದ್ದು ಬೆಲೆ. ಗಂಜೀಫಾದ ಒಂದೊಂದು ಎಲೆಯೂ ಕೈಕೆಲಸ. ಬಟ್ಟೆಯನ್ನೋ ಕಾಗದವನ್ನೋ ಪದರಪದರವಾಗಿ ಅಂಟಿಸಿ, ಹುಣಸೆಬೀಜದ ಸರಿ ಬಳಿದು, ದುಂಡಗೆ ಕತ್ತರಿಸಿ, ಬಣ್ಣ ಕೊಟ್ಟು, ಚಿತ್ರ ಬರೆದು, ಮೇಲೆ ಅರಗಿನ ಮೆರುಗು ಹಚ್ಚಬೇಕು. ಇದನ್ನು ನೂರಿಪ್ಪತ್ತು ಸಲ ಮಾಡಿದರೆ ಒಂದು ಕಟ್ಟು. ಅರಸರಿಗಾಗಿ ದಂತದ ಮೇಲೆಯೂ ಆಮೆಯ ಚಿಪ್ಪಿನ ಮೇಲೆಯೂ ಬರೆದದ್ದಕ್ಕೆ ‘ದರಬಾರ ಕಲಂ’ ಎಂದೂ, ಜನಸಾಮಾನ್ಯರಿಗಾಗಿ ಅಗ್ಗದಲ್ಲಿ ಬರೆದದ್ದಕ್ಕೆ ‘ಬಾಜಾರ ಕಲಂ’ ಎಂದೂ ಹೆಸರಿತ್ತು. ಯುರೋಪಿನ ಯಂತ್ರಗಳಲ್ಲಿ ಸಾವಿರಗಟ್ಟಲೆ ಅಚ್ಚಾದ 52 ಎಲೆಗಳ ಕಟ್ಟು ಪೇಟೆಗೆ ಬಂದಾಗ ದರಬಾರ ಕಲಮು ಸ್ವಲ್ಪ ಕಾಲ ಉಸಿರಾಡಿತು. ಬಾಜಾರ ಕಲಮು ತಡೆಯಲಾರದೆ ಹೋಯಿತು. ಆಡುವ ಜನ ಇದ್ದದ್ದು ಬಾಜಾರದಲ್ಲಿ. ಅವರು ಅಗ್ಗದ ಕಟ್ಟನ್ನು ಕೊಂಡರು. ಅದರಲ್ಲಿ ತಪ್ಪೇನೂ ಇಲ್ಲ. ಚೌಕದ ಎಲೆಯನ್ನು ಬೀಸಣಿಗೆಯಂತೆ ಬಿಚ್ಚಿ ಹಿಡಿಯುವುದು ಸುಲಭ. ನಲವತ್ತು ದುಂಡು ಬಿಲ್ಲೆಗಳನ್ನು ಹಿಡಿಯುವುದು ಪ್ರಯಾಸ. ಹೊಸ ಕಟ್ಟು ಗೆದ್ದಿತು. ಆದರೂ ಹಳೆಯ ಮಾತುಗಳು ಪೂರ್ತಿ ಅಳಿಯಲಿಲ್ಲ. ‘ಹುಕುಂ’ ಎಂಬ ಮಾತನ್ನು ಇಸ್ಪೀಟಿನವರೂ ಬಳಸುತ್ತಾರೆ. ‘ಗುಲಾಮ’ನು ರಾಜ-ರಾಣಿಯರ ಪಕ್ಕದಲ್ಲಿ ಇನ್ನೂ ನಿಂತಿದ್ದಾನೆ.

ಇದೇ ಹೊತ್ತಿನಲ್ಲಿ ಮೈಸೂರಿನಲ್ಲಿ ನಡೆದ ಒಂದು ಪ್ರಯೋಗವು ನಮ್ಮ ಇಂದಿನ ವಿಚಾರಕ್ಕೆ ಬಹಳ ಉಪಯುಕ್ತವಾದದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ (1794-1868) ಕೈಯಿಂದ ರಾಜ್ಯದ ಆಡಳಿತವನ್ನು ಬ್ರಿಟಿಷರು 1831ರಲ್ಲಿ ತೆಗೆದುಕೊಂಡರು. ಆಡಳಿತವಿಲ್ಲದ ಅರಸರು ತಮ್ಮ ಬುದ್ಧಿಯನ್ನು ಕಲೆ, ಗ್ರಂಥ, ಆಟಗಳ ಕಡೆಗೆ ತಿರುಗಿಸಿದರು. ಅವರ ಆಸ್ಥಾನದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯೆಂಬ ಬೃಹದ್ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಎಲೆಯಾಟಗಳ ಒಂದು ದೊಡ್ಡ ಸಮುದಾಯವೇ ವರ್ಣಿತವಾಗಿದೆ. ಅವಕ್ಕೆ ಅವರು ಇಟ್ಟ ಹೆಸರು ‘ಛದ’. ಸಂಸ್ಕೃತದಲ್ಲಿ ಛದವೆಂದರೆ ಎಲೆ. ನಾವು ಇಸ್ಪೀಟಿನ ಎಲೆ ಎನ್ನುವುದೂ ಅದೇ ಅರ್ಥದಲ್ಲಿಯೇ. ಚಾಮುಂಡೇಶ್ವರಿ ಛದ, ಜಗನ್ಮೋಹನ ಛದ, ನವಗ್ರಹ ಛದ ಮುಂತಾದ ಈ ಕಟ್ಟುಗಳಲ್ಲಿ ರಂಗುಗಳು ಹದಿನೆಂಟರವರೆಗೆ ಏರುತ್ತವೆ; ಎಲೆಗಳು 360ರವರೆಗೆ. ಸಾಮಾನ್ಯವಾಗಿ ರಂಗೊಂದಕ್ಕೆ ಹನ್ನೆರಡು ಅಂಕಿಯ ಎಲೆ, ಆರು ಚಿತ್ರದ ಎಲೆ. ಎಲ್ಲ ರಂಗುಗಳನ್ನೂ ಗೆಲ್ಲುವ ಕಾಯಂ ಹುಕುಮಿನ ರಂಗುಗಳೂ ಅವುಗಳಲ್ಲಿ ಉಂಟು.

ಕಲ್ಪನೆಯ ವೈಭವಕ್ಕೆ ಇದು ಅದ್ಭುತವಾದ ನಿದರ್ಶನ. ಆದರೆ ಈ ಛದಗಳು ಅರಮನೆಯ ಹೊರಗೆ ಹಬ್ಬಿದಂತೆ ತೋರುವುದಿಲ್ಲ. ಹಬ್ಬುವುದಾದರೂ ಹೇಗೆ? ಒಂದು ಕಟ್ಟನ್ನು ಮಾಡಿಸಲು ರಾಜನ ಬೊಕ್ಕಸ ಬೇಕು. ಆಡಲು ರಾಜನ ಬಿಡುವು ಬೇಕು. ಅವುಗಳ ಮೇಲೆ ಬೆಳಕು ಚೆಲ್ಲಲು ಜರ್ಮನಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಕಲಾವಿಮರ್ಶಕ ರುಡಾಲ್ಫ್ ಫಾನ್ ಲೈಡನ್ನರು ಬರಬೇಕಾಯಿತು. ಮೈಸೂರಿನ ಛದಗಳನ್ನು ಕುರಿತ ಅವರ ಗ್ರಂಥ 1973ರಲ್ಲಿ ವಿಯೆನ್ನಾದಲ್ಲಿ ಹೊರಬಂದಿತು. ಭಾರತದ ಗಂಜೀಫಾಗಳನ್ನು ಕುರಿತ ಅವರ ಇನ್ನೊಂದು ಬರೆಹ 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಪ್ರದರ್ಶನದೊಂದಿಗೆ ಬಂದಿತು. ನಮ್ಮ ನಾಡಿನ ಆಟವನ್ನು ಕುರಿತು ತಿಳಿಯಲು ವಿಯೆನ್ನಾದ ಪುಸ್ತಕವನ್ನು ಹುಡುಕಬೇಕಾದ ಸ್ಥಿತಿ ಸಂತೋಷದ್ದಲ್ಲ.

ಗಂಜೀಫಾದ ಪುನರುಜ್ಜೀವನಕ್ಕಾಗಿ ಏನೂ ನಡೆದಿಲ್ಲವೆಂದು ಇದರ ಅರ್ಥವಲ್ಲ. ನೆರೆಯ ಸಾವಂತವಾಡಿಯ ರಾಜಮನೆತನದವರು 1970ರ ದಶಕದಿಂದ ತಮ್ಮ ಅರಮನೆಯಲ್ಲಿಯೇ ಚಿತ್ರಗಾರರನ್ನು ಕೂಡಿಸಿ ದಶಾವತಾರದ ಕಟ್ಟುಗಳನ್ನು ಬರೆಯಿಸಿದರು. ನಮ್ಮಲ್ಲಿ ‘ಗಂಜೀಫಾ’ ಎಂಬುದನ್ನು ತಮ್ಮ ಹೆಸರಿನ ಮುಂದಿನ ಬಿರುದಾಗಿಸಿಕೊಂಡ ರಘುಪತಿ ಭಟ್ಟರು ಶ್ರೀರಂಗಪಟ್ಟಣದಲ್ಲಿ ನೆಲೆಸಿ, ದಶಕಗಳ ಕಾಲ ಇದೇ ಕಲೆಗೆ ತಮ್ಮನ್ನು ಅರ್ಪಿಸಿಕೊಂಡು, ಮೈಸೂರು ಗಂಜೀಫಾಕ್ಕೆ ದೇಶವಿದೇಶಗಳಲ್ಲಿ ಮನ್ನಣೆ ತಂದರು. ಇಲಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಕಿನ್ನಾಳದ ಗೊಂಬೆಗಳಂತೆ ಮೈಸೂರು ಗಂಜೀಫಾವೂ ಭೌಗೋಳಿಕ ಗುರುತಿನ ಪಟ್ಟಿಯಲ್ಲಿ ಸೇರಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ವೆಂಬ ಪ್ರದರ್ಶನಗಳ ಮೂಲಕ ನಮ್ಮ ಹಳೆಯ ಮಣೆಯಾಟಗಳನ್ನು ಜನರ ಮುಂದಿಟ್ಟಿತು. ಇವರೆಲ್ಲರ ಶ್ರಮಕ್ಕೆ ನಾಡು ಋಣಿಯಾಗಿರಬೇಕು.

ಆದರೆ ಈ ಎಲ್ಲ ಪ್ರಯತ್ನಗಳ ಗಂಜೀಫಾ ಯಾವುದು? ಬಹುಪಾಲು ದರಬಾರ ಕಲಮಿನ ಗಂಜೀಫಾ. ಕೈಯಿಂದ ಬರೆದ ಒಂದು ಒಳ್ಳೆಯ ಕಟ್ಟಿಗೆ ಸಾವಿರಾರು ರೂಪಾಯಿ. ಕಲಾವಿದನ ಶ್ರಮಕ್ಕೆ ಅದು ಹೆಚ್ಚಲ್ಲ. ಆದರೆ ಸಾವಿರಾರು ರೂಪಾಯಿ ಕೊಟ್ಟು ತಂದದ್ದನ್ನು ಯಾರೂ ಕಟ್ಟೆಯ ಮೇಲೆ ಹರಡಿ ಕಲೆಸುವುದಿಲ್ಲ, ಗೋಡೆಗೆ ತೂಗುಹಾಕುತ್ತಾರೆ. ಬಿಡಿ ಬಿಲ್ಲೆಗಳೂ ಚಿತ್ರವಾಗಿ ಮಾರಾಟವಾಗುತ್ತವೆ. ನೂರಿಪ್ಪತ್ತರಲ್ಲಿ ಒಂದು ಎಲೆ ತಪ್ಪಿದರೂ ಕಟ್ಟು ಕಟ್ಟಾಗಿ ಉಳಿಯುವುದಿಲ್ಲವೆಂಬ ವಿಚಾರ ಕೊಳ್ಳುವವನಿಗೆ ಬೇಕಿಲ್ಲ. ಭೌಗೋಳಿಕ ಗುರುತು ಕಾಪಾಡುವುದು ಮಾಡುವ ಕೈಯನ್ನು, ಆಡುವ ಕೈಯನ್ನಲ್ಲ. ಒಂದು ಭಾಷೆಯ ಲಿಪಿಯನ್ನು ಚಿನ್ನದಲ್ಲಿ ಕೆತ್ತಿಸಿ, ಮಾತನಾಡುವವರನ್ನು ಮರೆತಂತೆ ಇದು. ಗಂಜೀಫಾ ಕಲೆಯಾಗಿ ಬದುಕಿದೆ. ಆಟವಾಗಿ ಬಹುತೇಕ ಸತ್ತಿದೆ. ಮತ್ತೆ ಬರಬೇಕಾದದ್ದು ಎರಡನೆಯದು.

ಹಳೆಯ ಎಲೆಯಾಟ ಹೀಗೆ ಬದುಕುವುದು ಸಾಧ್ಯವೆ? ಜಪಾನಿನ ಕಡೆ ನೋಡೋಣ. ಅಲ್ಲಿ ಹನಫುದ ಎಂಬ ಹೂವಿನ ಎಲೆಗಳ ಕಟ್ಟು ಇದೆ. ಹನ್ನೆರಡು ತಿಂಗಳಿಗೆ ಹನ್ನೆರಡು ಗಿಡ ಇಲ್ಲವೆ ಹೂವು, ತಿಂಗಳಿಗೆ ನಾಲ್ಕರಂತೆ 48 ಎಲೆ. ಇಂದು ಜಗತ್ತಿನ ಮಕ್ಕಳೆಲ್ಲ ಬಲ್ಲ ನಿಂಟೆಂಡೊ ಕಂಪನಿಯು 1889ರಲ್ಲಿ ಕ್ಯೋಟೊ ನಗರದಲ್ಲಿ ಹುಟ್ಟಿದ್ದು ಈ ಎಲೆಗಳನ್ನು ಮಾಡುವುದಕ್ಕಾಗಿಯೇ. ಅದಕ್ಕಿಂತ ನಮ್ಮ ಶಿಕ್ಷಕರು ಗಮನಿಸಬೇಕಾದದ್ದು ‘ಉತಾ-ಗರುತ’ವೆಂಬ ಇನ್ನೊಂದು ಆಟ. ಹದಿಮೂರನೆಯ ಶತಮಾನದಲ್ಲಿ ಫುಜಿವಾರ ನೊ ತೆಇಕ ಎಂಬ ಕವಿಯು ಆರಿಸಿದ ನೂರು ಕವಿಗಳ ನೂರು ಪದ್ಯಗಳೇ ಅದರ ಬಂಡವಾಳ. ಒಬ್ಬರು ಪದ್ಯವನ್ನು ಓದತೊಡಗುತ್ತಾರೆ. ಅದರ ಉತ್ತರಾರ್ಧ ಬರೆದಿರುವ ಎಲೆಯನ್ನು ಮೊದಲು ಹಿಡಿದವನದು ಗೆಲವು. 1904ರಲ್ಲಿ ಕುರೊಇವ ರುಇಕೊ ಎಂಬ ಪತ್ರಿಕೋದ್ಯಮಿ ಇದರ ನಿಯಮಗಳನ್ನು ಏಕರೂಪಗೊಳಿಸಿ ಪಂದ್ಯಗಳಿಗೆ ಚಾಲನೆ ಕೊಟ್ಟನು. ಇಂದಿಗೂ ಹೊಸವರ್ಷದ ವೇಳೆಗೆ ಓತ್ಸು ಪಟ್ಟಣದ ಓಮಿ ದೇಗುಲದಲ್ಲಿ ರಾಷ್ಟ್ರಮಟ್ಟದ ಪಂದ್ಯ ನಡೆಯುತ್ತದೆ; ಪ್ರೌಢಶಾಲೆಯ ಮಕ್ಕಳಿಗೆ ಬೇರೆಯೇ ಪಂದ್ಯವಿದೆ. ಹಳಗಾಲದ ಕಾವ್ಯವನ್ನು ಪರೀಕ್ಷೆಯ ಭಯವಿಲ್ಲದೆ ಬಾಯಿಪಾಠ ಮಾಡಿಕೊಳ್ಳುವ ಮಕ್ಕಳು ಅಲ್ಲಿದ್ದಾರೆ.

ಅಲ್ಲಿ ಆದದ್ದೇನೆಂಬುದನ್ನು ನೋಡಿದರೆ ದಾರಿ ಸ್ಪಷ್ಟವಾಗುತ್ತದೆ. ಎಲೆ ಅಚ್ಚಾಯಿತು, ನಿಯಮ ಒಂದಾಯಿತು, ಆಡುವ ದಿನವೂ ಸ್ಥಳವೂ ಗೊತ್ತಾದುವು. 1993ರಲ್ಲಿ ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞನು ಹೊರತಂದ ಮಾಯಾವಿಗಳ ಎಲೆಯಾಟವೂ, 1996ರಲ್ಲಿ ಜಪಾನಿನಿಂದ ಬಂದ ಪೋಕೆಮಾನ್ ಎಲೆಗಳೂ ಜಗತ್ತನ್ನು ಗೆದ್ದದ್ದು ಇದೇ ಮೂರು ಕಾಲುಗಳ ಮೇಲೆ. ಆ ಆಟಗಳಲ್ಲಿ ಮೂಲೆಗೆ ಬಿದ್ದ ಹಳೆಯ ಎಲೆಗಳು ಮತ್ತೆ ಮೇಲೇಳುವುದುಂಟು. ಯಾರೋ ಒಬ್ಬ ಆಟಗಾರನು ಅವುಗಳ ಹೊಸ ಉಪಯೋಗವನ್ನು ಕಂಡುಹಿಡಿದು ಪಂದ್ಯವೊಂದನ್ನು ಗೆದ್ದಾಗ ಅದು ಆಗುತ್ತದೆ. ಎಲೆಗೆ ಜೀವ ಬರುವುದು ಆಡುವವನಿಂದ.

ಗಂಜೀಫಾಕ್ಕೂ ಈ ಮೂರೇ ಬೇಕು. ಮೊದಲನೆಯದು, ಇಸ್ಪೀಟಿನ ಬೆಲೆಗೆ ಹತ್ತಿರವಾಗಿ ಸಿಗುವ ಅಚ್ಚಿನ ಕಟ್ಟು. ಇದರಿಂದ ಚಿತ್ರಗಾರನ ಅನ್ನಕ್ಕೆ ಸಂಚಕಾರವಿಲ್ಲ. ಆಡಲು ಕಲಿತವನೇ ನಾಳೆ ಕೈಬರೆಹದ ಕಟ್ಟಿಗೆ ಗಿರಾಕಿಯಾಗುವನು. ದುಂಡಾಗಿಯೇ ಇರಬೇಕೆಂಬ ಹಟವೂ ಬೇಡ. ಅಂಕಿಯನ್ನು ಮೂಲೆಯಲ್ಲಿ ತೋರುವ ಚೌಕದ ಎಲೆಯಾದರೆ ಹಿಡಿಯಲು ಅನುಕೂಲ. ಎರಡನೆಯದು, ಸರಳವಾದ ಕನ್ನಡದಲ್ಲಿ ಎರಡು ಪುಟದ ನಿಯಮಾವಳಿ. ಒಂದೂರಿನ ಪದ್ಧತಿ ಇನ್ನೊಂದೂರಿಗೆ ಹೊಂದುವುದಿಲ್ಲವಾದ್ದರಿಂದ ಬಲ್ಲವರು ಕುಳಿತು ಒಂದು ಕ್ರಮವನ್ನು ನಿಶ್ಚಯಿಸಬೇಕು. ಮೂರನೆಯದು ಸ್ಥಳ. ನಮ್ಮ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ಚದುರಂಗ, ಕೇರಂಗಳನ್ನು ಇಡುವ ಪರಿಪಾಠವೂ ಬಂದಿದೆ. ಅವುಗಳ ಪಕ್ಕದಲ್ಲಿ ಒಂದು ಗಂಜೀಫಾದ ಕಟ್ಟು ಇಟ್ಟರೆ ಯಾರಿಗೆ ಭಾರ? ಶಾಲೆಗಳಲ್ಲಿ ಪುಸ್ತಕದ ಚೀಲವಿಲ್ಲದ ದಿನವೊಂದು ಇರಬೇಕೆಂಬ ಮಾತು ಬಂದಿದೆ. ಆ ದಿನ ಮಾಡುವುದೇನೆಂದು ಚಿಂತಿಸುವ ಮಾಸ್ತರರಿಗೆ ಇದೊಂದು ಉತ್ತರ. ಐಹೊಳೆ-ಬಾದಾಮಿಗಳ ಗುಡಿಗಳ ಹಾಸುಗಲ್ಲಿನಲ್ಲಿ ಕೊರೆದ ಆಟದ ಮನೆಗಳನ್ನು ಪ್ರವಾಸದಲ್ಲಿ ತೋರಿಸುವ ನಾವು, ಆ ಗುಡಿಯ ನೆರಳಿನಲ್ಲಿ ಕುಳಿತು ಆಡಿದವರೂ ನಮ್ಮಂಥವರೇ ಎಂಬುದನ್ನು ಮಕ್ಕಳಿಗೆ ಆಡಿಸಿಯೇ ತಿಳಿಸಬೇಕು.

ಯಾವ ಕಟ್ಟಿನಿಂದ ಆರಂಭಿಸಬೇಕು? ಛದಗಳಿಂದ ಖಂಡಿತವಾಗಿ ಅಲ್ಲ. 360 ಎಲೆಗಳ ವೈಭವವು ಪಂಡಿತರ ಸಂಶೋಧನೆಗಿರಲಿ. ಎಂಟು ರಂಗಿನ 96 ಎಲೆಗಳ ಕಟ್ಟೇ ಹೊಸಬರಿಗೆ ಹೊಂದುವಂಥದು. ಅದರಲ್ಲಿ ಯಾವ ಮತದ ದೇವರೂ ಇಲ್ಲವಾದ್ದರಿಂದ, ದೇವರ ಚಿತ್ರವನ್ನು ನೆಲಕ್ಕೆ ಹಾಕಿ ಆಡುವುದೆಂತು ಎಂಬ ಶಂಕೆಗೂ ಎಡೆಯಿಲ್ಲ. ದಶಾವತಾರದ ಕಟ್ಟನ್ನು ಹಿಂದಿನ ಭಕ್ತರು ನಿಸ್ಸಂಕೋಚವಾಗಿ ಆಡಿದರೆಂಬುದು ನಿಜ. ಆದರೆ ಇಂದು ಮನಸ್ಸುಗಳು ನೋಯುವುದು ಬೇಗ. ರಂಗುಗಳ ಹೆಸರನ್ನು ಕಾಲದೇಶಕ್ಕೆ ತಕ್ಕಂತೆ ಬದಲಾಯಿಸುವ ಸ್ವಾತಂತ್ರ್ಯವೂ ನಮಗುಂಟು. ಒರಿಸ್ಸಾದ ಚಿತ್ರಗಾರರು ರಾಮಾಯಣವನ್ನೇ ಎಲೆಗಳ ಮೇಲೆ ತಂದುಕೊಂಡರು. ಅಕ್ಬರನು ಹಳೆಯ ಕಟ್ಟನ್ನು ತನ್ನ ಆಡಳಿತಕ್ಕೆ ತಕ್ಕಂತೆ ತಿದ್ದಿದನು. ನಾವು ಪಂಪ, ರನ್ನ, ಜನ್ನ, ಹರಿಹರ, ರಾಘವಾಂಕ, ಕುಮಾರವ್ಯಾಸರನ್ನು ರಂಗುಗಳ ಅಧಿಪತಿಗಳನ್ನಾಗಿ ಮಾಡಿ, ಅವರ ಕೃತಿಗಳನ್ನೂ ಪಾತ್ರಗಳನ್ನೂ ಎಲೆಗಳಾಗಿ ಜೋಡಿಸಿದರೆ ಏನು ತಪ್ಪು? ರನ್ನನಂತೂ ಮುಧೋಳದವನು, ನಮ್ಮ ಜಿಲ್ಲೆಯವನೇ. ರನ್ನನ ಹತ್ತನ್ನು ಗೆಲ್ಲುವ ಎಲೆ ಯಾವುದೆಂದು ಜಗಳವಾಡುವ ಹುಡುಗನು ಒಂದು ದಿನ ‘ಗದಾಯುದ್ಧ’ವನ್ನು ತೆರೆದು ನೋಡುವುದು ಅಸಂಭವವೇನಲ್ಲ.

ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಯಾವ ಎಲೆಯನ್ನು ಕೊಟ್ಟರೂ ಜನ ಅದರ ಮೇಲೆ ಹಣವಿಡುವರಲ್ಲವೆ? ಇಡಬಹುದು. ಗಂಜೀಫಾದ ಮೇಲೆ ಹಿಂದೆ ಪಣವಿಟ್ಟವರು ಇರಲಿಲ್ಲವೆಂದು ನಾನು ವಾದಿಸಲಾರೆ. ಮನುಷ್ಯನು ಕೋಳಿಯ ಮೇಲೆ, ಎತ್ತಿನ ಮೇಲೆ, ಮಳೆಯ ಮೇಲೆಯೂ ಪಣವಿಡಬಲ್ಲನು. ಆದರೆ ಹಣದ ಜೂಜಿಗೆ ಬೇಕಾದದ್ದು ವೇಗ. ಕ್ಷಣಕ್ಕೊಂದು ಸೋಲು, ಕ್ಷಣಕ್ಕೊಂದು ಗೆಲವು. ಮೊಬೈಲಿನ ಆಟಗಳು ಮನೆಗಳನ್ನು ಹಾಳುಮಾಡಿದ್ದು ಈ ವೇಗದಿಂದಲೇ. ನಲವತ್ತು ಎಲೆಗಳನ್ನು ಜೋಡಿಸಿಕೊಂಡು, ಬಿದ್ದದ್ದನ್ನೆಲ್ಲ ನೆನಪಿಟ್ಟು, ಮೂವರು ಎದುರೆದುರು ಕುಳಿತು ಆಡುವ ನಿಧಾನದ ಆಟ ಜೂಜುಕೋರನಿಗೆ ರುಚಿಸುವುದು ಕಡಿಮೆ. ಇದು ಪೂರ್ಣ ರಕ್ಷಣೆಯಲ್ಲ, ಆದರೂ ರಕ್ಷಣೆಯೇ.

ಕಾಯ್ದೆಯು ಬೇಡವೆನ್ನಬಲ್ಲದು, ಬೇಕೆನ್ನುವ ಶಕ್ತಿ ಅದಕ್ಕಿಲ್ಲ. ಆ ಕೆಲಸ ಶಾಲೆಯದು, ಗ್ರಂಥಾಲಯದ್ದು, ಊರಿನ ಹಿರಿಯರದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಾಗಲಿ, ಒಂದು ವಿಶ್ವವಿದ್ಯಾಲಯವಾಗಲಿ, ಉತ್ಸಾಹವುಳ್ಳ ಒಬ್ಬ ಮುದ್ರಕನಾಗಲಿ ಮನಸ್ಸು ಮಾಡಿದರೆ ಒಂದು ವರ್ಷದೊಳಗೆ ಅಗ್ಗದ ಕಟ್ಟೊಂದನ್ನು ತರುವುದು ಕಷ್ಟವಲ್ಲ. ಬಂದ ಮೇಲೆ ಅದು ಕೊಳೆಯಾಗಲಿ, ಅಂಚು ಸವೆಯಲಿ, ಮಳೆಗಾಲದ ತೇವಕ್ಕೆ ಬಾಗಲಿ, ಒಂದೆರಡು ಎಲೆ ಕಳೆದು ರಟ್ಟಿನ ತುಂಡಿನ ಮೇಲೆ ಬರೆದುಕೊಳ್ಳುವ ಪ್ರಸಂಗವೂ ಬರಲಿ. ಅಷ್ಟಾದಾಗ ಮಾತ್ರ ಗಂಜೀಫಾ ಮರಳಿ ಬಂದಿತೆಂದು ನಾನು ನಂಬುವೆನು.